ಕೆಂಪು ಕಾಣದ ಗಾಜು: ನೀಲಗಿರಿಯ ಹಳೆಯ ಫೋಟೊಗಳನ್ನು ಓದುವ ಬಗೆ

ರಾತ್ರಿ ಚೆನ್ನೈ ಸೆಂಟ್ರಲ್‌ನಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಾಗುವಾಗ ಮೆಟ್ಟುಪಾಳಯಂನಲ್ಲಿ ಇಳಿಯುತ್ತಾರೆ. ಅಲ್ಲಿಂದ ಮುಂದಿನದು ಮೀಟರ್ ಗೇಜಿನ ಪುಟ್ಟ ಗಾಡಿ. 1899ರಲ್ಲಿ ಅದು ಕೂನೂರು ಮುಟ್ಟಿತು, 1908ರಲ್ಲಿ ಊಟಿ. ಸುಮಾರು 46 ಕಿಲೋಮೀಟರ್ ದಾರಿ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರೈಲಿನ ವಿವರ ಇಷ್ಟು ಸಾಕು. ಈ ಅಧ್ಯಾಯದ ವಿಷಯ ರೈಲಲ್ಲ, ಅದರ ಊರುಗಳ ಫೋಟೊಗಳು.

ಚಿತ್ರಗಳು ಎಲ್ಲಿಂದ ಬಂದವು?

ಹೆಚ್ಚಿನವು ವ್ಯಾಪಾರಕ್ಕೆ ತೆಗೆದವು. ಎ.ಟಿ.ಡಬ್ಲ್ಯೂ. ಪೆನ್ ಊಟಿಯಲ್ಲೇ ಸ್ಟುಡಿಯೊ ಇಟ್ಟಿದ್ದ. ಮದರಾಸಿನ ವೀಲೆ ಅಂಡ್ ಕ್ಲೈನ್ ಕಂಪನಿಯವರು ಪ್ರಾಂತ್ಯದ ಉದ್ದಗಲ ಕ್ಯಾಮೆರಾ ಹೊತ್ತರು. ಮೌಂಟ್ ರೋಡಿನ ಹಿಗಿನ್‌ಬಾಥಮ್ಸ್ ಬೆಟ್ಟದ ಊರುಗಳ ಚಿತ್ರಗಳನ್ನು ಅಂಚೆ ಕಾರ್ಡುಗಳಾಗಿ ಮಾರಿತು. ಕೊಳ್ಳುವವರು ಬಹುಪಾಲು ಬೇಸಿಗೆಗೆ ಬೆಟ್ಟ ಹತ್ತಿದ ದೊರೆಗಳು. ಆದ್ದರಿಂದ ಚಿತ್ರದ ನಡುವೆ ಚರ್ಚು, ಕೆರೆ, ಸೇತುವೆ. ಸಂತೆಯವರು, ಕೂಲಿಯವರು, ಹಟ್ಟಿಯಿಂದ ಇಳಿದ ಬಡಗರು ಅಂಚಿನಲ್ಲಿ. ದಿನನಿತ್ಯದ ಬದುಕು ಹುಡುಕುವವರು ಮೊದಲು ಅಂಚನ್ನೇ ನೋಡಬೇಕು.

ಒಂದು ಚಿತ್ರದ ಕಾಲ ಗುರುತಿಸಲು ಸುಲಭದ ಸುಳಿವುಗಳಿವೆ. ಊಟಿ ನಿಲ್ದಾಣ ಕಂಡರೆ ಅದು 1908ಕ್ಕಿಂತ ಹಿಂದಿನದಲ್ಲ. ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲಾಗಿ, ಒಕ್ಕಣೆಯನ್ನು ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ತುರುಕಿದ್ದರೆ ಅದು 20ನೆಯ ಶತಮಾನದ ಮೊದಲ ಕೆಲವು ವರ್ಷಗಳದ್ದಾಗಿರುವ ಸಂಭವ ಹೆಚ್ಚು. ಎಂಜಿನ್ ಕೆಳಗಿನ ತುದಿಯಲ್ಲಿದೆ, ಹಾಗಾದರೆ ಗಾಡಿ ಇಳಿಯುತ್ತಿದೆ ಎಂದು ಮಾತ್ರ ಹೇಳಬೇಡಿ. ಹಲ್ಲುಪಟ್ಟಿಯ ದಾರಿಯಲ್ಲಿ ಹತ್ತುವಾಗಲೂ ಇಳಿಯುವಾಗಲೂ ಎಂಜಿನ್ ಇಳಿಜಾರಿನ ಕಡೆಗೇ ಇರುತ್ತದೆ. ಹೊಗೆ ನೋಡಿ. ದಟ್ಟವಾಗಿದ್ದರೆ ಗಾಡಿ ಹತ್ತುತ್ತಿರಬಹುದು.

ಬಣ್ಣ ಕಳೆದರೆ ಕಪ್ಪು-ಬಿಳುಪೇ?

ಎಲ್ಲರೂ ಎಡವುವುದು ಇಲ್ಲಿ. ಇದ್ದ ದೃಶ್ಯದಿಂದ ಬಣ್ಣ ತೆಗೆದುಬಿಟ್ಟರೆ ಕಪ್ಪು-ಬಿಳುಪು ಚಿತ್ರ ಸಿಗುತ್ತದೆ ಎಂಬುದು ನಮ್ಮ ನಂಬಿಕೆ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುವುದೂ ಹೆಚ್ಚುಕಡಿಮೆ ಅದೇ. ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಹಾಕುತ್ತಿದ್ದ ಹಳೆಯ ಗಾಜಿನ ಪ್ಲೇಟು ಹಾಗಲ್ಲ. ಅದರ ಮೇಲೆ ಬಳಿದ ಬೆಳ್ಳಿಯ ಲವಣ ನೀಲಿ ಮತ್ತು ನೇರಳೆ ಬೆಳಕಿಗಷ್ಟೇ ಚೆನ್ನಾಗಿ ಸ್ಪಂದಿಸುತ್ತದೆ. ಹಸಿರು ಅದಕ್ಕೆ ಮಂದ, ಕೆಂಪು ಕತ್ತಲೆ. ಸ್ಟುಡಿಯೊದ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತಲ್ಲ, ಅದೇ ಸಾಕ್ಷಿ. ಕೆಂಪು ಬೆಳಕನ್ನು ಪ್ಲೇಟು ಕಾಣುವುದೇ ಇಲ್ಲವಾದ್ದರಿಂದ ಅದು ಹಾಳಾಗುತ್ತಿರಲಿಲ್ಲ.

1873ರಲ್ಲಿ ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್, ಕೆಲವು ವರ್ಣದ್ರವ್ಯ ಬೆರೆಸಿದರೆ ಪ್ಲೇಟಿಗೆ ಹಸಿರೂ ಕಾಣುತ್ತದೆ ಎಂದು ಕಂಡುಹಿಡಿದ. ಅಂಥವು ಆರ್ಥೊಕ್ರೊಮ್ಯಾಟಿಕ್ ಪ್ಲೇಟುಗಳು. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು ಮಾರುಕಟ್ಟೆಗೆ ಬಂದದ್ದು 1906ರ ಹೊತ್ತಿಗೆ; ಬಳಕೆಗೆ ಹರಡಲು ಇನ್ನೂ ದಶಕಗಳು ಹಿಡಿದವು.

ಇದನ್ನು ತಿಳಿದು ನೀಲಗಿರಿಯ ಚಿತ್ರಗಳನ್ನು ಮತ್ತೆ ನೋಡಿ. ಪ್ರತಿ ಬೋಗಿಯ ಮುಂದೆ ಬ್ರೇಕ್ಸ್‌ಮನ್ ಬಾವುಟ ಹಿಡಿದು ನಿಂತಿರುತ್ತಾನೆ. ಅವನ ಕೈಲಿರುವುದು ಹಸಿರೋ ಕೆಂಪೋ? ಹಳೆಯ ಮಾದರಿಯ ಪ್ಲೇಟಿನಲ್ಲಿ ಎರಡೂ ಕಪ್ಪು. ಗಾಡಿ ನಿಲ್ಲಬೇಕೋ ಸಾಗಬೇಕೋ ಎಂಬ ಮುಖ್ಯ ಸಂಗತಿಯನ್ನೇ ಕ್ಯಾಮೆರಾ ನುಂಗಿಬಿಟ್ಟಿದೆ! ಬೆಟ್ಟದ ಬುಡಕಟ್ಟಿನವರಾದ ತೋಡರ ಬಿಳಿ ಹೊದಿಕೆಯಾದ ಪುಟ್ಕುಳಿಯಲ್ಲಿ ಕೆಂಪು ಮತ್ತು ಕಪ್ಪು ನೂಲಿನ ಕಸೂತಿ ಇರುತ್ತದೆ. ಚಿತ್ರದಲ್ಲಿ ಎರಡೂ ಒಂದೇ ಕಪ್ಪು ಪಟ್ಟೆ. ಆಕಾಶದ ನೀಲಿ ಮಾತ್ರ ಪ್ಲೇಟಿನ ಮೇಲೆ ಮಿತಿಮೀರಿ ಬಿದ್ದು ಬರೀ ಬಿಳುಪಾಗುತ್ತದೆ. ಮೋಡಗಳು ಅದರಲ್ಲಿ ಕರಗಿಹೋಗುತ್ತವೆ. ದೂರದ ಬೆಟ್ಟಸಾಲಿನ ಮೇಲಿನ ನೀಲಿ ಮುಸುಕೂ ಹಾಗೆಯೇ. ಊಟಿಯ ಹಿಂದೆ ಬೆಟ್ಟವೇ ಇಲ್ಲವೇನೋ ಎನಿಸುವ ಚಿತ್ರಗಳಿಗೆ ಕಾರಣ ಇದು.

ಮನೆಯ ಆಲ್ಬಮ್ಮಿಗೂ ಇದೇ ನಿಯಮ. ಹಣೆಯ ಕುಂಕುಮ ಕಪ್ಪು ಚುಕ್ಕೆಯಾಗುತ್ತದೆ. ಮುಡಿದ ಮಲ್ಲಿಗೆ ಹೊಳೆಯುತ್ತದೆ. ಪಕ್ಕದ ಕನಕಾಂಬರ ಕೂದಲಿನ ಕಪ್ಪಿನಲ್ಲಿ ಮಾಯ.

ಎಲ್ಲಕ್ಕಿಂತ ಗಂಭೀರವಾದದ್ದು ಮೈಬಣ್ಣ. ಕಂದು ಮೈ ಕೆಂಪು ಬೆಳಕನ್ನು ಹೆಚ್ಚಾಗಿಯೂ ನೀಲಿಯನ್ನು ಕಡಿಮೆಯಾಗಿಯೂ ಹಿಂದಿರುಗಿಸುತ್ತದೆ. ಆದ್ದರಿಂದ ಈ ಪ್ಲೇಟುಗಳಲ್ಲಿ ಮುಖಗಳು ಇದ್ದದ್ದಕ್ಕಿಂತ ಕಪ್ಪಾಗಿ ಮೂಡುತ್ತವೆ. ಬಿಳಿ ಬಟ್ಟೆ ಪಕ್ಕದಲ್ಲಿದ್ದರೆ ಇನ್ನೂ ಕಪ್ಪೆನಿಸುತ್ತವೆ. ಬೆಟ್ಟದ ಜನರನ್ನು ಜಾತಿವಾರು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳನ್ನು 19ನೆಯ ಶತಮಾನದ ಓದುಗರು ವಿಜ್ಞಾನದ ಪುರಾವೆಯೆಂದು ನೋಡಿದರು. ಅವರು ನೋಡಿದ್ದು ಅರ್ಧ ಜನರನ್ನು, ಅರ್ಧ ರಸಾಯನವನ್ನು.

ಬಣ್ಣದ ಕಾರ್ಡುಗಳಿವೆಯಲ್ಲ ಎನ್ನುವಿರಾ? ಅವುಗಳಲ್ಲಿ ಬಹಳಷ್ಟು ಕಪ್ಪು-ಬಿಳುಪು ಚಿತ್ರಕ್ಕೆ ಆಮೇಲೆ ಬಣ್ಣ ಹಾಕಿ ಅಚ್ಚುಮಾಡಿದವು, ಎಷ್ಟೋ ಸಲ ಯೂರೋಪಿನ ಮುದ್ರಣಾಲಯಗಳಲ್ಲಿ. ಕೂನೂರನ್ನೇ ನೋಡದ ಕೆಲಸಗಾರ ಸಂತೆಯ ಸೀರೆಗೆ ಕೊಟ್ಟ ಬಣ್ಣ ಅವನ ಊಹೆ.

ನೀವೇ ಮಾಡಿ ನೋಡಿ

ಒಂದು ತಟ್ಟೆಯಲ್ಲಿ ಕುಂಕುಮ, ಅರಿಶಿನ ಮತ್ತು ನೀಲಿ ಬಟ್ಟೆ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಚಿತ್ರ ತಿದ್ದುವ ಆ್ಯಪ್‌ನಲ್ಲಿ ನೀಲಿ ವಾಹಿನಿಯನ್ನಷ್ಟೇ (ಬ್ಲೂ ಚಾನೆಲ್) ಉಳಿಸಿ ಕಪ್ಪು-ಬಿಳುಪು ಮಾಡಿ. ಅರಿಶಿನವೂ ಕುಂಕುಮವೂ ಕಪ್ಪಾಗುತ್ತವೆ, ನೀಲಿ ಬಟ್ಟೆ ಬಿಳುಪಾಗಿ ಕಾಣುತ್ತದೆ. ಹಳೆಯ ಪ್ಲೇಟಿನ ಕಣ್ಣು ಸುಮಾರಾಗಿ ಇದೇ. ಇದನ್ನು ಕಂಡ ಮಕ್ಕಳು ಮರುಗಳಿಗೆಯೇ ಮನೆಯ ಆಲ್ಬಮ್ ಹುಡುಕಿ ತರುತ್ತಾರೆ!

ಇನ್ನು ಮುಂದಿನ ಕೆಲಸ

ಕೆಂಪು ಕಾಣದ ಕಣ್ಣು ಗಾಜಿನ ಪ್ಲೇಟಿನ ಕಾಲಕ್ಕೇ ಮುಗಿಯಲಿಲ್ಲ. ಡಬ್ಬಿ ಕ್ಯಾಮೆರಾಗಳಲ್ಲಿ ಹಾಕುತ್ತಿದ್ದ ಕೊಡಕ್ ಕಂಪನಿಯ ವೆರಿಕ್ರೋಮ್ ಫಿಲ್ಮು ಕೂಡ ಆರ್ಥೊಕ್ರೊಮ್ಯಾಟಿಕ್ಕೇ. ಅದರ ಜಾಗಕ್ಕೆ ಕೆಂಪು ಕಾಣುವ ಫಿಲ್ಮು ಬಂದದ್ದು 1956ರಲ್ಲಿ. ಅಂದರೆ 1940ರ ದಶಕದಲ್ಲಿ ಕೂನೂರಿನ ರೈಲ್ವೆ ಕ್ವಾರ್ಟರ್ಸಿನ ಮುಂದೆ ತೆಗೆದ ಕುಟುಂಬದ ಚಿತ್ರದಲ್ಲೂ ಕೆಂಪು ಸೀರೆ ಕಪ್ಪಾಗಿರಬಹುದು. ಆ ಸೀರೆಯ ಬಣ್ಣ ನೆನಪಿರುವವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ.

ಚೆನ್ನೈಯ ಕನ್ನಡ ಮನೆಗಳಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರಿದ್ದರೆ, ಕೊಯಮತ್ತೂರು, ಕೂನೂರುಗಳಿಗೆ ವರ್ಗವಾಗಿ ಹೋಗಿಬಂದವರಿದ್ದರೆ, ದಯವಿಟ್ಟು ಟ್ರಂಕು ತೆರೆಯಿರಿ. ಫೋಟೊಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಬಟ್ಟೆಯ, ಹೂವಿನ, ಬಾಗಿಲಿನ ಬಣ್ಣವನ್ನೂ ಕೇಳಿ ಬರೆದಿಡಿ. ಪೆರಂಬೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಒಂದೆರಡು ಹಳೆಯ ಚಿತ್ರಗಳ ಪ್ರತಿಗಳನ್ನೂ ಜೊತೆಗಿಟ್ಟುಕೊಳ್ಳಿ. ಬೋಗಿ, ಎಂಜಿನ್ನುಗಳೊಡನೆ ಹೋಲಿಸಿ ನೋಡಲಿ. ಬೆಟ್ಟದ ರೈಲಿನ ಇತಿಹಾಸದಲ್ಲಿ ಹಳಿ, ಸುರಂಗ, ಸೇತುವೆಗಳ ಲೆಕ್ಕ ಬೇಕಾದಷ್ಟಿದೆ. ಅಲ್ಲಿ ಬಾಳಿದವರ ಬಣ್ಣಗಳ ಪಟ್ಟಿಯನ್ನು ಯಾರಾದರೂ ಈಗಲೇ ಮಾಡಬೇಕು.