ಈರುಳ್ಳಿ ಜೆಲ್‌ಗೆ ಬಗ್ಗದ ಕೆಲಾಯ್ಡ್

ನಾಸಿಕ್ ಜಿಲ್ಲೆಯ ಲಾಸಲಗಾಂವ್ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಎಷ್ಟಾಯಿತೆಂದು ಗದಗ, ವಿಜಯಪುರದ ರೈತರೂ ವಿಚಾರಿಸುತ್ತಾರೆ. ಅದೇ ಈರುಳ್ಳಿಯ ಸಾರ ಔಷಧಿ ಅಂಗಡಿಗಳಲ್ಲಿ ಗಾಯದ ಕಲೆ ಅಳಿಸುವ ಜೆಲ್ ಆಗಿ ಮಾರಾಟವಾಗುತ್ತದೆ. ಕಿವಿ ಚುಚ್ಚಿಸಿದ ಮೇಲೆ ಹಾಲೆಯಲ್ಲಿ ಗಂಟು ಬೆಳೆದವರು ಅದನ್ನು ತಿಂಗಳುಗಟ್ಟಲೆ ಹಚ್ಚುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಹೊಸ ಕಲೆಗಳಿಗೆ ಈರುಳ್ಳಿ ಜೆಲ್ಲನ್ನೂ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನೂ ಹಚ್ಚಿ ಹೋಲಿಸಿದಾಗ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಮಾಮೂಲಿ ಕಲೆಯ ಮೇಲೆಯೇ ಹೀಗಾದರೆ, ಕೆಲಾಯ್ಡ್‌ ಎಂಬ ಈ ಗಂಟನ್ನು ಕರಗಿಸುತ್ತದೆಂಬ ಭರವಸೆಗೆ ಆಧಾರವೆಲ್ಲಿ?

ಕೆಲಾಯ್ಡ್ ಬರೀ ದಪ್ಪ ಕಲೆಯಲ್ಲ. ಚುಚ್ಚಿದ ತೂತು ಮಾಯ್ದು ತಿಂಗಳುಗಳೇ ಕಳೆದಿರುತ್ತವೆ; ಆಮೇಲೆ ಅಲ್ಲಿ ನವೆ ಶುರುವಾಗುತ್ತದೆ. ನುಣುಪಾದ, ಹೊಳೆಯುವ, ಮುಟ್ಟಿದರೆ ಗಟ್ಟಿಯೆನಿಸುವ ಉಬ್ಬು ಏಳುತ್ತದೆ. ಅದು ಗಾಯದ ಅಂಚು ದಾಟಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಹಬ್ಬುತ್ತದೆ. ಗಾಯ ತುಂಬಲು ಕೊಲಾಜೆನ್ ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು ಕೆಲಸ ಮುಗಿದರೂ ನಿಲ್ಲಿಸದಿರುವುದೇ ಇದಕ್ಕೆ ಕಾರಣ. ಹಾಲೆ, ಎದೆಯ ನಡುಭಾಗ, ಭುಜ ಮತ್ತು ಬಿಸಿಜಿ ಲಸಿಕೆ ಹಾಕಿದ ತೋಳು ಇದರ ಮೆಚ್ಚಿನ ಜಾಗಗಳು.

ಒಂದೇ ಅಂಗಡಿಯಲ್ಲಿ ಕಿವಿ ಚುಚ್ಚಿಸಿಕೊಂಡ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದೇಕೆ? ಉತ್ತರದ ದೊಡ್ಡ ಪಾಲು ಮನೆತನದಲ್ಲಿದೆ. ಅಲೆಕ್ಸಾಂಡರ್ ಮಾರ್ನೆರೋಸ್ ಮತ್ತು ಸಂಗಡಿಗರು 2001ರಲ್ಲಿ 14 ಕುಟುಂಬಗಳ ವಂಶವೃಕ್ಷ ಬಿಡಿಸಿದರು. 341 ಮಂದಿಯಲ್ಲಿ 96 ಜನರಿಗೆ ಕೆಲಾಯ್ಡ್ ಇತ್ತು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು ಎಂಬಂತೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದಿತ್ತು. ಆದರೆ ಕೆಲವರು ತಮ್ಮ ಮೈಮೇಲೆ ಒಂದು ಗಂಟೂ ಇಲ್ಲದೆ ಮಕ್ಕಳಿಗೆ ಅದನ್ನು ದಾಟಿಸಿದ್ದರು. ಅಜ್ಜಿಗಿದ್ದದ್ದು ಅಮ್ಮನನ್ನು ಬಿಟ್ಟು ಮೊಮ್ಮಗಳಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಹಾಗಾದರೆ ಆ ಜೀನ್ ಯಾವುದು? ಇಲ್ಲಿ ಬೇಟೆ ಜಟಿಲವಾಗುತ್ತದೆ. ಅದೇ ತಂಡ 2004ರಲ್ಲಿ ಒಂದು ಜಪಾನಿ ಕುಟುಂಬದಲ್ಲಿ ಎರಡನೇ ವರ್ಣತಂತುವಿನತ್ತ, ಒಂದು ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ ಏಳನೆಯದರತ್ತ ಬೆರಳು ತೋರಿತು. 2010ರಲ್ಲಿ ಜಪಾನಿನ ಸಂಶೋಧಕರು ಇಡೀ ಜೀನೋಮ್ ಜಾಲಾಡಿ ಒಂದು, ಮೂರು ಮತ್ತು ಹದಿನೈದನೇ ವರ್ಣತಂತುಗಳಲ್ಲಿ ಸುಳಿವು ಹಿಡಿದರು. ಹದಿನೈದರ ಮೇಲಿನದು ನೆಡ್4 ಎಂಬ ಜೀನ್. ಚೀನೀಯರಲ್ಲೂ ಅದರ ನಂಟು ಕಂಡಿತು. ನೈಜೀರಿಯಾದ ಯೊರುಬಾ ಕುಟುಂಬವೊಂದರಲ್ಲಿ 2017ರಲ್ಲಿ ಸಿಕ್ಕಿದ್ದು ಇವ್ಯಾವುದೂ ಅಲ್ಲ, ಎಎಸ್ಎಎಚ್1. ಹೀಗಿರುವಾಗ ‘ಕೆಲಾಯ್ಡ್ ಜೀನ್ ಪತ್ತೆ’ ಎಂಬ ತಲೆಬರಹಗಳನ್ನು ನಂಬಬಾರದು. ಇವತ್ತಿಗೆ ಯಾವುದೇ ದುಬಾರಿ ಜೀನ್ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ವೈದ್ಯರ ಒಂದು ಪ್ರಶ್ನೆ: ‘ಮನೆಯಲ್ಲಿ ಇನ್ಯಾರಿಗಾದರೂ ಹೀಗಾಗಿದೆಯೇ?’

ಕೆಲಾಯ್ಡ್‌ಗೆ ನಿಜಕ್ಕೂ ನೆರವಾಗುವ ಒಂದು ಉಪಾಯದ ತತ್ವ ಲಾಸಲಗಾಂವ್‌ನಲ್ಲೇ ಬಳಕೆಯಲ್ಲಿದೆ, ಆದರೆ ಈರುಳ್ಳಿಯ ರಸದಲ್ಲಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ 2002ರಲ್ಲಿ ಅಲ್ಲಿ ‘ಕೃಷಕ್’ ವಿಕಿರಣ ಘಟಕವನ್ನು ತೆರೆಯಿತು. ಕೋಬಾಲ್ಟ್-60ರ ಗಾಮಾ ಕಿರಣ ಈರುಳ್ಳಿಯನ್ನು ಹೊಕ್ಕು, ನಡುವಿನ ಮೊಳಕೆಯ ಕುಡಿಯಲ್ಲಿರುವ ಕೋಶಗಳ ಡಿಎನ್ಎಗೆ ಪೆಟ್ಟು ಕೊಡುತ್ತದೆ. ಕೋಶಗಳು ಒಡೆದು ಹೆಚ್ಚಲಾರವು, ಗಡ್ಡೆ ಮೊಳೆಯುವುದಿಲ್ಲ. ಕೊಯ್ಲಾಗಿ ಹೆಚ್ಚು ದಿನವಾಗದೆ, ಕುಡಿ ಇನ್ನೂ ಮಲಗಿರುವಾಗಲೇ ಇದನ್ನು ಮಾಡಬೇಕು.

ಕೆಲಾಯ್ಡ್ ಕತ್ತರಿಸಿ ತೆಗೆದ ಮೇಲೂ ಇದೇ ತತ್ವ ನೆರವಾಗುತ್ತದೆ. ಬರೀ ಕತ್ತರಿಸಿದರೆ ಅದು ಮತ್ತೆ ಬೆಳೆಯುವುದೇ ಹೆಚ್ಚು, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಆದ್ದರಿಂದ ಹಟಮಾರಿ ಗಂಟುಗಳಿಗೆ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನದೊಳಗೇ, ಫೈಬ್ರೊಬ್ಲಾಸ್ಟ್‌ಗಳು ಹೆಚ್ಚುವ ಮೊದಲು, ಆ ಜಾಗಕ್ಕಷ್ಟೇ ಅಳೆದು ವಿಕಿರಣ ಕೊಡಲು ಶುರುಮಾಡುತ್ತಾರೆ. ಮಕ್ಕಳಿಗೆ ಇದನ್ನು ಆದಷ್ಟೂ ತಪ್ಪಿಸುತ್ತಾರೆ. ಚಿಕ್ಕ ಗಂಟಿಗೆ ಮೊದಲ ಮದ್ದು ಟ್ರಯಾಮ್ಸಿನೊಲೋನ್ ಸ್ಟೆರಾಯ್ಡ್ ಚುಚ್ಚುಮದ್ದು. ಹಾಲೆಯದಾದರೆ ಶಸ್ತ್ರಚಿಕಿತ್ಸೆಯ ನಂತರ ಒತ್ತಿ ಹಿಡಿಯುವ ಕ್ಲಿಪ್ಪನ್ನೂ ಹಾಕಿಸುತ್ತಾರೆ.

ಮನೆತನದಲ್ಲಿ ಕೆಲಾಯ್ಡ್ ಇದ್ದವರು ಕಿವಿ ಮೂಗು ಚುಚ್ಚಿಸುವ ಮೊದಲು ಚರ್ಮವೈದ್ಯರನ್ನು ಕಾಣುವುದು ಲೇಸು. ಚುಚ್ಚಿಸಲೇಬೇಕೆಂದರೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ: ಹನ್ನೊಂದು ದಾಟಿದ ಮೇಲೆ ಕಿವಿ ಚುಚ್ಚಿಸಿಕೊಂಡವರಲ್ಲಿ ಕೆಲಾಯ್ಡ್ ಹೆಚ್ಚೆಂದು 2005ರ ಅಮೆರಿಕದ ಸಣ್ಣ ಅಧ್ಯಯನವೊಂದು ಹೇಳಿದೆ. ಆದರೆ ಗಂಟಿನ ಭಯಕ್ಕೆ ಮಗುವಿನ ಬಿಸಿಜಿ ಲಸಿಕೆಯನ್ನು ತಪ್ಪಿಸಬಾರದು. ಅದು ತಡೆಯುವ ಕ್ಷಯ ಎಳೆಯ ಮಕ್ಕಳಲ್ಲಿ ಮಿದುಳಿನ ಪೊರೆಗೇ ಇಳಿಯಬಲ್ಲದು.