ಹೊಗೆ ಅದೇ, ಹವೆ ಬೇರೆ

ಡಿಸೆಂಬರ್-ಜನವರಿಯ ಮುಂಜಾನೆ ದೊಡ್ಡಬಳ್ಳಾಪುರ ತಾಲೂಕಿನ ಮಾಕಳಿದುರ್ಗದ ಬೆಟ್ಟ ಹತ್ತಿದವರಿಗೆ ಕೆಲವು ದಿನ ಕೆಳಗಿನ ಬಯಲು ಬಿಳಿ ಹಚ್ಚಡ ಹೊದ್ದಂತೆ ಕಾಣುತ್ತದೆ. ಅದೆಲ್ಲವೂ ಮಂಜಲ್ಲ. ಒಲೆ, ವಾಹನ, ಕಾರ್ಖಾನೆ ಮತ್ತು ಸುಟ್ಟ ಕಸದ ಹೊಗೆಯೂ ಅದರಲ್ಲಿ ಬೆರೆತಿರುತ್ತದೆ. ಬಿಸಿಲೇರಿದಂತೆ ಹಚ್ಚಡ ಮಾಯವಾಗುತ್ತದೆ. ಹಾಗಾದರೆ ಹೊಗೆ ಎಲ್ಲಿ ಹೋಯಿತು?

ಎಲ್ಲೂ ಹೋಗಲಿಲ್ಲ, ಹರಡಿಕೊಂಡಿತು ಅಷ್ಟೆ. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಂಪಾಗುತ್ತದೆ. ಆದರೆ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಕೆಳಗಿನ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುತ್ತದೆ. ಈ ಬೆಚ್ಚನೆಯ ಪದರ ಪಾತ್ರೆಯ ಮುಚ್ಚಳದಂತೆ ಹೊಗೆಯನ್ನು ಕೆಳಗೇ ತಡೆಯುತ್ತದೆ. ವಿಜ್ಞಾನಿಗಳು ಇದನ್ನು ಉಷ್ಣತಾ ವಿಲೋಮ ಎನ್ನುತ್ತಾರೆ. ಬಿಸಿಲು ನೆಲವನ್ನು ಕಾಯಿಸಿದಾಗ ಮುಚ್ಚಳ ತೆರೆದುಕೊಳ್ಳುತ್ತದೆ.

ಈ ಮುಚ್ಚಳ ಎಷ್ಟು ಅಪಾಯಕಾರಿ ಎಂಬುದಕ್ಕೆ 1984ರ ಡಿಸೆಂಬರ್ 2-3ರ ರಾತ್ರಿಯ ಭೋಪಾಲ್ ಸಾಕ್ಷಿ. ತಂಪು ರಾತ್ರಿ, ಮಂದ ಗಾಳಿ. ಗಾಳಿಗಿಂತ ಭಾರವಾದ ವಿಷಾನಿಲ ಮೇಲೇರದೆ ಮಲಗಿದ್ದ ಬಡಾವಣೆಗಳೊಳಗೆ ಹರಿಯಿತು. ಸಾವಿರಾರು ಜೀವಗಳು ಹೋದವು.

ಆದ್ದರಿಂದ ಮಾಲಿನ್ಯವನ್ನು ಅಂದಾಜು ಮಾಡುವವರು ಹೊಗೆಯ ಪ್ರಮಾಣವನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಗಾಳಿಯ ವೇಗ, ದಿಕ್ಕು, ತಾಪಮಾನ, ಮಳೆ ಎಲ್ಲವೂ ಬೇಕು. ನಗರದಲ್ಲಂತೂ ಕಾಂಕ್ರೀಟು ಹಗಲಿನ ಬಿಸಿಯನ್ನು ರಾತ್ರಿಯೂ ಹಿಡಿದಿಡುತ್ತದೆ, ಎತ್ತರದ ಕಟ್ಟಡಗಳು ಗಾಳಿಗೆ ಅಡ್ಡ ನಿಲ್ಲುತ್ತವೆ. ದೇವನಹಳ್ಳಿ ವಿಮಾನ ನಿಲ್ದಾಣದ ಬಯಲಿನಲ್ಲಿ ಅಳೆದ ಗಾಳಿಯನ್ನು ಪೀಣ್ಯದ ಗಲ್ಲಿಗೆ ಹಾಗೆಯೇ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಮಳೆ ಗಾಳಿಯನ್ನು ತೊಳೆಯುತ್ತದೆ. ಜುಲೈಯಲ್ಲಿ ಅಂಕಿ ಇಳಿದರೆ ಅದು ಮಳೆಯ ಉಪಕಾರ, ನಮ್ಮ ಸಾಧನೆಯಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರೂ ಸೇರಿದೆ. ಅಲ್ಲಿನ ಗಾಳಿ ಸುಧಾರಿಸಿತೇ ಎಂದು ತಿಳಿಯಬೇಕಾದರೆ ಜನವರಿಯನ್ನು ಜನವರಿಯೊಂದಿಗೇ ಹೋಲಿಸಬೇಕು. ಆ ಎರಡು ವರ್ಷಗಳ ಗಾಳಿ-ಮಳೆಯ ವ್ಯತ್ಯಾಸವನ್ನೂ ಕಳೆದು ನೋಡಬೇಕು. ಇಲ್ಲದಿದ್ದರೆ ಹವೆಯ ಕೃಪೆಯನ್ನೇ ಪ್ರಗತಿಯೆಂದು ನಂಬಿ ಮೋಸ ಹೋಗುತ್ತೇವೆ.

ಅಳತೆಗೋಲಿನಲ್ಲೂ ಅಂತರವಿದೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶ 2009ರಲ್ಲಿ ನಿಗದಿಪಡಿಸಿದ 24 ಗಂಟೆಗಳ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 15. ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸವಿರುವ ಮಕ್ಕಳು ಮತ್ತು ವೃದ್ಧರೇ ಮೊದಲು ನರಳುವವರು.

ಮನೆಯವರು ಮಾಡಬಹುದಾದದ್ದೂ ಇದೆ. ಚಳಿಗಾಲದ ಸಂಜೆ-ಮುಂಜಾನೆ ಅಂಗಳದಲ್ಲಿ ಒಣ ಎಲೆ, ಪ್ಲಾಸ್ಟಿಕ್ ಸುಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಆ ಹೊತ್ತಿನ ಒಂದು ಬುಟ್ಟಿ ಕಸದ ಹೊಗೆ ನಿಮ್ಮ ಕೇರಿಯಲ್ಲೇ ಉಳಿಯುತ್ತದೆ. ಉಬ್ಬಸವಿರುವವರ ವಾಯುವಿಹಾರ ಬಿಸಿಲೇರಿದ ಮೇಲಾಗಲಿ. ಹವೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಹೊಗೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲೇ ಇದೆ.