ಚಳಿಗೂ ಶ್ವಾಸರೋಗಗಳ ಸಾವಿಗೂ ಏನು ಸಂಬಂಧ?

ಚಳಿಗಾಲ ಕಾಲಿಟ್ಟಿತೆಂದರೆ ನೆಗಡಿ, ಕೆಮ್ಮು, ಜ್ವರಗಳು ಅದರ ಬೆನ್ನಿಗೇ ಬರುವುವೆಂಬುದು ಬಹು ಹಿಂದಿನ ಅನುಭವ. ಸಮಶೀತೋಷ್ಣ ವಲಯದ ದೇಶಗಳಲ್ಲಿ ಇನ್‌ಫ್ಲುಯೆಂಜ, ನ್ಯುಮೋನಿಯ ಮುಂತಾದ ಸೋಂಕುಗಳಿಂದ ಸಾಯುವವರ ಸಂಖ್ಯೆ ಚಳಿಗಾಲದಲ್ಲಿ ಏರಿ ಬೇಸಗೆಯಲ್ಲಿ ಇಳಿಯುತ್ತದೆ. ಆದರೆ ಚಳಿಯು ತಾನಾಗಿ ಈ ರೋಗಗಳನ್ನು ಹುಟ್ಟಿಸಲಾರದು. ಅವುಗಳಿಗೆ ಕಾರಣ ಕಣ್ಣಿಗೆ ಕಾಣದ ರೋಗಾಣುಗಳು. ಹಾಗಾದರೆ ಹೊರಗಿನ ಉಷ್ಣತೆಗೂ ಈ ಸಾವುಗಳಿಗೂ ಇರುವ ನಂಟು ಯಾವುದು?

ಆಗ್ನೇಯ ಇಂಗ್ಲೆಂಡಿನ ಮರಣಗಳ ಲೆಕ್ಕವನ್ನು ದಿನದಿನದ ಉಷ್ಣತೆಯೊಡನೆ ಹೋಲಿಸಿದಾಗ ಒಂದು ಸೂಚನೆ ದೊರೆಯಿತು. ಚಳಿ ಬಿದ್ದ ಕೆಲವೇ ದಿನಗಳಲ್ಲಿ ಹೃದ್ರೋಗದ ಸಾವುಗಳು ಹೆಚ್ಚುತ್ತವೆ. ಶ್ವಾಸರೋಗದ ಸಾವುಗಳಾದರೋ ಸುಮಾರು 12 ದಿನಗಳ ಅನಂತರ ಶಿಖರವನ್ನು ಮುಟ್ಟುತ್ತವೆ. ಸೋಂಕು ಹರಡಿ, ಬೆಳೆದು, ಶ್ವಾಸಕೋಶಕ್ಕೆ ಇಳಿಯಲು ಇಷ್ಟು ಕಾಲ ಬೇಕಾಗುವುದು ಸಹಜವೇ.

ಇನ್ನು ಸೋಂಕು ಹರಡುವ ಬಗೆಯನ್ನು ನೋಡೋಣ. 1918ರ ಮಹಾಮಾರಿಯ ಕಾಲದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಸೈನಿಕ ಶಿಬಿರವೊಂದರ ಪ್ರಯೋಗಶಾಲೆಯಲ್ಲಿ ಗಿನಿ ಹಂದಿಗಳೂ ಸತ್ತುವೆಂದು ಹಳೆಯ ವರದಿಯೊಂದರಲ್ಲಿ ದಾಖಲಾಗಿತ್ತು. ಇದರ ಜಾಡು ಹಿಡಿದು ನ್ಯೂಯಾರ್ಕಿನ ವಿಜ್ಞಾನಿಗಳಾದ ಅನಿಸ್ ಲೋವೆನ್, ಪೀಟರ್ ಪಲೇಸಿ ಮತ್ತು ಅವರ ಸಂಗಡಿಗರು 2007ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸೋಂಕು ತಗಲಿದ ಗಿನಿ ಹಂದಿಗಳ ಪಕ್ಕದ ಗೂಡಿನಲ್ಲಿ ಆರೋಗ್ಯವಂತ ಗಿನಿ ಹಂದಿಗಳನ್ನಿಟ್ಟು, ಗಾಳಿಯ ಉಷ್ಣತೆಯನ್ನೂ ಆರ್ದ್ರತೆಯನ್ನೂ ಬದಲಿಸುತ್ತ ಹೋದರು. 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇನ್‌ಫ್ಲುಯೆಂಜ ಸುಲಭವಾಗಿ ಹರಡಿತು. 30 ಡಿಗ್ರಿಯಲ್ಲಿ ಗಾಳಿಯ ಮೂಲಕ ಹರಡಲೇ ಇಲ್ಲ. 20 ಡಿಗ್ರಿಯಲ್ಲಿ ಒಣ ಹವೆ ವೈರಸ್ಸಿಗೆ ಅನುಕೂಲವಾಯಿತು. ಸಾಪೇಕ್ಷ ಆರ್ದ್ರತೆ ಶೇಕಡಾ 80 ಆದಾಗ ಹರಡುವುದು ನಿಂತಿತು. ತಣ್ಣನೆಯ ಗಾಳಿಯಲ್ಲಿ ನೀರಾವಿ ಕಡಿಮೆ. ಅದನ್ನು ಮನೆಯೊಳಗೆ ಕಾಯಿಸಿದರೆ ಅದು ಮತ್ತಷ್ಟು ಒಣಗಿದಂತಾಗುತ್ತದೆ. ಕೆಮ್ಮಿನಿಂದ ಹಾರಿದ ಹನಿಗಳು ಅಂಥ ಗಾಳಿಯಲ್ಲಿ ಬೇಗ ಆರಿ, ಕಿರಿದಾಗಿ, ಬಹಳ ಹೊತ್ತು ತೇಲುತ್ತವೆ.

ನಮ್ಮ ಮೂಗೂ ಇದರಲ್ಲಿ ಪಾಲುದಾರ. ಚಳಿಗಾಳಿ ಮೂಗಿನ ಒಳಪದರವನ್ನು ತಂಪಾಗಿಸುತ್ತದೆ. ಇಲಿಗಳ ಶ್ವಾಸನಾಳದ ಜೀವಕೋಶಗಳ ಮೇಲೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, 37 ಡಿಗ್ರಿಗಿಂತ 33 ಡಿಗ್ರಿಯಲ್ಲಿ ನೆಗಡಿಯ ವೈರಸ್ಸನ್ನು ತಡೆಯುವ ಶಕ್ತಿ ಕುಂದಿರುವುದು ಕಂಡುಬಂದಿತು.

ಹಾಗಿದ್ದರೆ ಅತಿ ಚಳಿಯ ನಾಡಿನಲ್ಲಿ ಅತಿ ಹೆಚ್ಚು ಸಾವು ಎಂದು ನಾವು ಊಹಿಸಬಹುದು. ವಾಸ್ತವವು ಇದಕ್ಕೆ ವಿರುದ್ಧವಾಗಿದೆ! 1997ರಲ್ಲಿ ಪ್ರಕಟವಾದ ಐರೋಪ್ಯ ಅಧ್ಯಯನವೊಂದರಂತೆ, ಉಷ್ಣತೆ 18 ಡಿಗ್ರಿಯಿಂದ ಕೆಳಕ್ಕೆ ಒಂದೊಂದು ಡಿಗ್ರಿ ಇಳಿದಾಗಲೂ ಎಲ್ಲ ಕಾರಣಗಳ ಒಟ್ಟು ಮರಣ ಅಥೆನ್ಸಿನಲ್ಲಿ ಶೇಕಡಾ 2.15ರಷ್ಟು ಏರಿದರೆ, ದಕ್ಷಿಣ ಫಿನ್ಲೆಂಡಿನಲ್ಲಿ ಏರಿದ್ದು ಶೇಕಡಾ 0.27 ಮಾತ್ರ. ಹೊರಗೆ 7 ಡಿಗ್ರಿ ಇರುವಾಗ ಫಿನ್ಲೆಂಡಿನವರಲ್ಲಿ ಶೇಕಡಾ 72 ಮಂದಿ ಟೋಪಿ ಧರಿಸಿ ಹೊರಬರುತ್ತಿದ್ದರು. ಅಥೆನ್ಸಿನವರಲ್ಲಿ ಶೇಕಡಾ 13 ಮಂದಿ. ಫಿನ್ಲೆಂಡಿನ ಮನೆಗಳೂ ಹೆಚ್ಚು ಬೆಚ್ಚಗಿದ್ದವು. ಚಳಿಯನ್ನು ಬಲ್ಲವರು ಅದಕ್ಕೆ ಸಿದ್ಧರಾಗಿರುತ್ತಾರೆ; ಬೆಚ್ಚಗಿನ ನಾಡಿನವರು ಅದನ್ನು ಅಲಕ್ಷಿಸುತ್ತಾರೆ.

ನಮ್ಮ ದೇಶದ ಪರಿಸ್ಥಿತಿ ಇನ್ನೂ ಬೇರೆ. ಶ್ರೀನಗರದಲ್ಲಿ ಇನ್‌ಫ್ಲುಯೆಂಜ ಚಳಿಗಾಲದ ರೋಗ. ಆದರೆ ಭಾರತದ ಬಹುಭಾಗದಲ್ಲಿ ಅದು ಹೆಚ್ಚಾಗಿ ಮಳೆಗಾಲದಲ್ಲಿ ಉಲ್ಬಣಿಸುತ್ತದೆ. ಆದುದರಿಂದ ಉಷ್ಣತೆಯೊಂದನ್ನೇ ದೂರುವುದು ಸಲ್ಲದು. ಮಳೆಯ ದಿನಗಳಲ್ಲಿ ಜನರು ಒಳಗೇ ಒತ್ತಾಗಿ ಕೂಡುವುದೂ ಒಂದು ಕಾರಣವಿರಬಹುದು.

ಹವೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ವೃದ್ಧರಿಗೆ ಬೆಚ್ಚನೆಯ ಹೊದಿಕೆಯನ್ನು ಒದಗಿಸುವುದು, ಗಾಳಿಯಾಡುವ ಕೋಣೆ, ಸಕಾಲದಲ್ಲಿ ಲಸಿಕೆ, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು—ಇವು ನಮ್ಮ ಕೈಯಲ್ಲಿವೆ. ಚಳಿಯ ನಾಡು ಕಲಿತ ಈ ಪಾಠವನ್ನು ಬೆಚ್ಚಗಿನ ನಾಡಿನವರಾದ ನಾವೂ ಕಲಿಯಬೇಕಾಗಿದೆ.